ಒಂದು ಯಂತ್ರ, ಎರಡು ಪಾಳಿ

“ಕಂಪ್ಯೂಟರು ಹಳೆಯದಾಯಿತು, ಇನ್ನು ಇದಕ್ಕೆ ಆಯುಷ್ಯವಿಲ್ಲ, ಭಂಗಾರದವನಿಗೆ ಕೊಟ್ಟು ಹೊಸತನ್ನು ತನ್ನಿ” ಎಂಬ ಮಾತು ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ ಕಡೆಯ ನಮ್ಮ ಬಂಧುಗಳ ಕಿವಿಗೆ ಇತ್ತೀಚೆಗೆ ಪದೇ ಪದೇ ಬೀಳುತ್ತಿದೆ. ಹೇಳುವವರು ಅಂಗಡಿಯವರು, ಕೇಳುವವರು ನಾವು. ಈ ಮಾತಿನಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕಾದ ಕಾಲ ಬಂದಿದೆ.

ನಿಜದ ಭಾಗ ಇಷ್ಟು. ಮೈಕ್ರೊಸಾಫ್ಟ್ ಕಂಪೆನಿ 2015ರ ಜುಲೈಯಲ್ಲಿ ಹೊರತಂದ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರ ವರೆಗೆ ಒಂದು ವರ್ಷದ ಗಡುವನ್ನೂ ಸಾರಿತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ಕೆಡುವುದಿಲ್ಲ. ನಿನ್ನೆ ಓಡಿದಂತೆ ಇಂದೂ ಓಡುತ್ತದೆ. ಆದರೆ ಕಳ್ಳರು ಹೊಸ ಹೊಸ ಸಂದು ಹುಡುಕಿದಾಗ ಅದನ್ನು ಮುಚ್ಚುವವರು ಯಾರೂ ಇರುವುದಿಲ್ಲ. ಅಂಥ ಯಂತ್ರವನ್ನು ಜಾಲಕ್ಕೆ ಜೋಡಿಸಿ ಬ್ಯಾಂಕಿನ ಕೆಲಸ ಮಾಡುವುದು, ಗಲ್ಲಾಪೆಟ್ಟಿಗೆಯನ್ನು ತೆರೆದಿಟ್ಟು ಊಟಕ್ಕೆ ಹೋದ ಹಾಗೆ.

ಇನ್ನು ವ್ಯಾಪಾರದ ಭಾಗ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ಪು ಬೇಕು. ಇಂಟೆಲ್ ಆದರೆ ಎಂಟನೆಯ ತಲೆಮಾರಿನದೋ ಅನಂತರದ್ದೋ ಆದ ಪ್ರೊಸೆಸರೇ ಬೇಕು. ಹೀಗಾಗಿ 2017ಕ್ಕೆ ಮೊದಲಿನ ಯಂತ್ರಗಳೆಲ್ಲ ಹೆಚ್ಚುಕಡಮೆ ಪಂಕ್ತಿಯಿಂದ ಹೊರಗಾದವು. ಅವುಗಳ ಕೈಕಾಲು ಗಟ್ಟಿಯಿದ್ದರೂ ಆಯಿತು, ಇಲ್ಲದಿದ್ದರೂ ಆಯಿತು! ನಮ್ಮ ಮನೆಗಳಲ್ಲಿರುವುದು ಹೊಸ ಪೆಟ್ಟಿಗೆಯಲ್ಲ. ಲ್ಯಾಮಿಂಗ್ಟನ್ ರಸ್ತೆಯಿಂದ ಎರಡನೆಯ ಕೈಯಲ್ಲಿ ತಂದದ್ದು, ಯಾವುದೋ ಆಫೀಸು ಮಾರಿದ್ದು, ಯಜಮಾನರ ಮಗ ಹೊಸತು ಕೊಂಡಾಗ ಕೊಟ್ಟದ್ದು. ಇವನ್ನೆಲ್ಲ ಎಸೆದು ಹೊಸತು ಕೊಳ್ಳುವುದೆಂದರೆ ಒಬ್ಬ ಸಪ್ಲಾಯರನ ಎರಡು ಮೂರು ತಿಂಗಳ ಪಗಾರ, ಇಲ್ಲವೆ ಒಂದೂವರೆ ವರ್ಷದ ಕಂತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಕಲಿತ ನಮಗೆ ಇದು ಸಲ್ಲದ ದಾರಿ.

ಇದಕ್ಕೆ ಎದುರಾಗಿ ಇನ್ನೊಂದು ಪಂಗಡವಿದೆ. ಕಾಲೇಜು ಓದಿದ ಕೆಲವು ಉತ್ಸಾಹಿ ತರುಣರು “ವಿಂಡೋಸನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿಬಿಡಿ, ಚಿಂತೆ ತೀರಿತು” ಎನ್ನುತ್ತಾರೆ. ಅವರ ಉತ್ಸಾಹವನ್ನು ಮೆಚ್ಚೋಣ. ಅಳಿಸುವ ಮಾತನ್ನು ಮಾತ್ರ ಒಪ್ಪದಿರೋಣ. ನನ್ನ ಅಭಿಪ್ರಾಯ ಇವೆರಡರ ನಡುವಿನದು: ಒಂದೇ ಯಂತ್ರದಲ್ಲಿ ಎರಡೂ ಇರಲಿ, ಪಾಳಿಯ ಮೇಲೆ ದುಡಿಯಲಿ.

ಪಾಳಿಯೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬಯಿಯ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಇರುತ್ತಿದ್ದರು. ಹಗಲು ಪಾಳಿಯವ ಎದ್ದುಹೋದ ಜಾಗದಲ್ಲೇ ರಾತ್ರಿ ಪಾಳಿಯವ ಬಂದು ಮಲಗುತ್ತಿದ್ದ. ಖೋಲಿ ಒಂದೇ, ಬಾಡಿಗೆ ಒಂದೇ. ಪೆಟ್ಟಿಗೆ ಮಾತ್ರ ಬೇರೆ ಬೇರೆ. ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಕೂರಿಸುವುದೂ ಇದೇ ವ್ಯವಸ್ಥೆ. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದ ಎಲ್ಲ ಅಂಗಗಳಿಂದಲೂ ಕೆಲಸ ತೆಗೆಯುವ ಮೇಸ್ತ್ರಿ. ಒಳಗಿನ ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ ಒಂದರಲ್ಲಿ ವಿಂಡೋಸಿನ ಮೇಸ್ತ್ರಿಯನ್ನೂ ಇನ್ನೊಂದರಲ್ಲಿ ಲಿನಕ್ಸಿನ ಮೇಸ್ತ್ರಿಯನ್ನೂ ಇರಿಸುವುದು. ಗುಂಡಿ ಒತ್ತಿದಾಗ ಗ್ರಬ್ ಎಂಬ ಚಿಕ್ಕ ಕಾರಕೂನ ತೆರೆಯ ಮೇಲೆ ಬಂದು “ಈಗ ಯಾರ ಪಾಳಿ?” ಎಂದು ಕೇಳುತ್ತಾನೆ. ನೀವು ತೋರಿಸಿದವನು ಏಳುತ್ತಾನೆ, ಇನ್ನೊಬ್ಬ ಮಲಗಿಯೇ ಇರುತ್ತಾನೆ.

“ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನಲ್ಲ?” ಎಂದು ಕೇಳುವವರುಂಟು. ಇಲ್ಲಿ ಎರಡು ಕಾಲನ್ನೂ ಒಟ್ಟಿಗೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ದೋಣಿ; ಇನ್ನೊಂದನ್ನು ದಡಕ್ಕೆ ಕಟ್ಟಿರುತ್ತದೆ.

ಲಿನಕ್ಸಿನ ಬಗೆಗೆ ಎರಡು ಮಾತು. ಫಿನ್ಲೆಂಡಿನ ಲೀನಸ್ ತೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದರ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದ್ದ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಹಂಚಿದವನು ಮುಂದಿನವನ ಕೈ ಕಟ್ಟಬಾರದು ಎಂಬುದು ಅದರ ಕರಾರು. ಅದರ ಮೇಲೆ ಕಟ್ಟಿದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವನ್ನು ಕಾಸು ಕೊಡದೆ ಇಳಿಸಿಕೊಳ್ಳಬಹುದು. ನಮ್ಮ ದೇಶದಲ್ಲೇ ಸಿ-ಡ್ಯಾಕ್ ಎಂಬ ಸರಕಾರಿ ಸಂಸ್ಥೆ ಬಾಸ್ ಎಂಬ ಹೆಸರಿನ ಲಿನಕ್ಸನ್ನು ಸಿದ್ಧಪಡಿಸಿದೆ. ಅದನ್ನು ಮಾಡಿದವರು ಚೆನ್ನೈಯ ಶಾಖೆಯವರಾದರೂ, ಆ ಸಂಸ್ಥೆಯ ಇನ್ನೊಂದು ಶಾಖೆ ನಮ್ಮ ಖಾರ್‌ಘರ್ ಸ್ಟೇಷನ್ನಿನ ಬಳಿಯಲ್ಲೇ ಇದೆ. ರೈಲಿನಲ್ಲಿ ಹೋಗುವಾಗ ಎಷ್ಟೋ ಸಲ ಅದರ ಎದುರಿನಿಂದಲೇ ಹಾದಿರುತ್ತೇವೆ. ಲಿನಕ್ಸ್ ಮಿಂಟ್ 22 ಎಂಬುದಕ್ಕೆ 2 ಜಿ.ಬಿ. ಸ್ಮರಣಶಕ್ತಿ ಇದ್ದರೆ ಸಾಕು, 4 ಇದ್ದರೆ ಸುಖ. ಡಿಸ್ಕಿನಲ್ಲಿ ಕನಿಷ್ಠ 20 ಜಿ.ಬಿ. ಜಾಗ ಬೇಕು. ಅದಕ್ಕೆ 2029ರ ವರೆಗೆ ಬೆಂಬಲ ಕೊಡುವುದಾಗಿ ಮಾಡಿದವರು ಹೇಳಿದ್ದಾರೆ. ಅಂಗಡಿಯವನು ಆಯುಷ್ಯ ಮುಗಿಯಿತೆಂದ ಯಂತ್ರಕ್ಕೆ ಇನ್ನೂ ಇಷ್ಟು ವರ್ಷಗಳ ಅನ್ನ ಇದೆ!

“ಅಣ್ಣ, ಅದರಲ್ಲಿ ಕನ್ನಡ ಬರುತ್ತದೋ?” ಇದು ಡೊಂಬಿವಲಿಯ ಒಬ್ಬ ಭಂಡಾರಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ವೇಗವನ್ನಾಗಲಿ ಬೆಲೆಯನ್ನಾಗಲಿ ಅವರು ಕೇಳಲಿಲ್ಲ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ನುಡಿಯಲ್ಲಿ ಬೆರಳಿಟ್ಟು ಕಲಿತವರು ಹೊಸತಾಗಿ ಏನನ್ನೂ ಕಲಿಯಬೇಕಾಗಿಲ್ಲ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬುದನ್ನು ಆರಿಸಿಕೊಂಡರೆ ಅದೇ ವಿನ್ಯಾಸ ಸಿಗುತ್ತದೆ. ಈ ವಿನ್ಯಾಸಕ್ಕೆ ತಳಹದಿ ಹಾಕಿದ ಕೆ. ಪಿ. ರಾಯರು ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ನಮ್ಮ ಹಾಗೆಯೇ ಊರಿನಿಂದ ಈ ಶಹರಕ್ಕೆ ಬಂದವರೊಬ್ಬರ ಕೆಲಸದಿಂದ ಇಂದು ಕನ್ನಡದ ಅಕ್ಷರ ಎಲ್ಲ ಯಂತ್ರಗಳ ಮೇಲೂ ಮೂಡುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಹಾಗಾದರೆ ವಿಂಡೋಸನ್ನು ಏಕೆ ಉಳಿಸಿಕೊಳ್ಳಬೇಕು? ಕಾರಣವೂ ಕನ್ನಡವೇ. ಸಂಘ ಸಂಸ್ಥೆಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಬರೆದಿಟ್ಟ ಸದಸ್ಯರ ಪಟ್ಟಿ, ಸಭೆಯ ನಡಾವಳಿ, ಆಮಂತ್ರಣ, ಮನವಿ ಪತ್ರಗಳೆಲ್ಲ ಬಹಳಮಟ್ಟಿಗೆ ಹಳೆಯ ನುಡಿಯಲ್ಲೋ ಬರಹದಲ್ಲೋ ಇವೆ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡವೇ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಈಗಿನದು ಯುನಿಕೋಡ್, ಅದರಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಲೋಕಮಾನ್ಯವಾದ ಸ್ವಂತ ಸಂಖ್ಯೆ ಉಂಟು. ಹಳೆಯದನ್ನು ಯುನಿಕೋಡಿಗೆ ತಿರುಗಿಸುವ ಉಪಕರಣಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಾಳೆ ನೋಡಬೇಕು. ಹೆಸರಿನ ಪಟ್ಟಿಯಲ್ಲಿ ಒಂದು ಒತ್ತು ತಪ್ಪಿದರೆ ಪೂಜಾರಿ ಯಾರು, ಪೂಜಾರ್ತಿ ಯಾರು ಎಂದು ಮತ್ತೆ ಹುಡುಕಬೇಕಾಗುತ್ತದೆ. ಇದು ಒಂದು ರಾತ್ರಿಯ ಕೆಲಸವಲ್ಲ. ಅದು ಮುಗಿಯುವ ತನಕ ಹಳೆಯ ಮೇಸ್ತ್ರಿ ಇರಲೇಬೇಕು.

ಇನ್ನೂ ಒಂದೆರಡು ಕಾರಣಗಳುಂಟು. ಹೊಟೇಲಿನ ಲೆಕ್ಕ ಬರೆಯುವ ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಸರಕಾರಿ ಕೆಲಸಗಳಲ್ಲಿ ಡಿಜಿಟಲ್ ಸಹಿಯ ಚಿಕ್ಕ ಕಡ್ಡಿಯನ್ನು ಚುಚ್ಚಬೇಕಾದಲ್ಲಿ ಲಿನಕ್ಸಿನಲ್ಲಿ ಒಮ್ಮೊಮ್ಮೆ ತೊಡಕಾಗುತ್ತದೆ. ಪ್ರಿಂಟರುಗಳ ಕತೆ ಬೇರೆ. ಎಚ್.ಪಿ.ಯ ಅನೇಕ ಮಾದರಿಗಳು ಜೋಡಿಸಿದ ಕೂಡಲೆ ನಡೆಯುತ್ತವೆ. ಆಫೀಸು ಆಫೀಸುಗಳಲ್ಲಿ ಕಾಣುವ ಕ್ಯಾನನ್ 2900ನ್ನು ಒಲಿಸಿಕೊಳ್ಳಲು ಮಾತ್ರ ಬಲ್ಲವರೇ ಬೇಕು.

ಆದ್ದರಿಂದ ಕೆಲಸವನ್ನು ಹಂಚಿಬಿಡಬೇಕು. ಜಾಲಕ್ಕೆ ಹೋಗುವ ಕೆಲಸವೆಲ್ಲ ಲಿನಕ್ಸಿನ ಪಾಳಿಗೆ: ಬ್ಯಾಂಕು, ಭವಿಷ್ಯನಿಧಿಯ ಖಾತೆ ನೋಡುವುದು, ರೈಲಿನ ಟಿಕೇಟು, ಮಕ್ಕಳ ಪರೀಕ್ಷೆಯ ಅರ್ಜಿ, ಊರಿಗೆ ಬರೆಯುವ ಕಾಗದ. ಇವೆಲ್ಲ ಬ್ರೌಸರಿನೊಳಗೇ ನಡೆಯುವ ಕೆಲಸಗಳಾದ್ದರಿಂದ ಕೆಳಗಿರುವ ಮೇಸ್ತ್ರಿ ಯಾರೆಂದು ಅವು ಹೆಚ್ಚಾಗಿ ಕೇಳುವುದಿಲ್ಲ. ಹಳೆಯ ಕಡತ, ಹಟಮಾರಿ ಪ್ರಿಂಟರು, ಹಳೆಯ ಲೆಕ್ಕ ನೋಡುವುದು ವಿಂಡೋಸಿನ ಪಾಳಿಗೆ. ಆ ಪಾಳಿಯಲ್ಲಿ ಜಾಲದ ತಂತಿಯನ್ನು ಕಿತ್ತು ಬದಿಗಿಡಬೇಕು, ವೈಫೈ ಆರಿಸಿಡಬೇಕು. ಎರಡು ಮೇಸ್ತ್ರಿಗಳನ್ನು ಇಟ್ಟುಕೊಂಡು ಮುದುಕನನ್ನೇ ಮತ್ತೆ ಪೇಟೆಗೆ ಕಳುಹಿಸುವುದಾದರೆ ಇಷ್ಟೆಲ್ಲ ಶ್ರಮ ದಂಡ.

ಕೂರಿಸುವ ಕ್ರಮವನ್ನು ತುಸು ವಿವರವಾಗಿಯೇ ಹೇಳುತ್ತೇನೆ. ನಾನು ಮೋರಿಯಲ್ಲಿ ಕಪ್ಪುಬಸಿ ತೊಳೆಯುವುದರಿಂದ ಕೆಲಸಕ್ಕೆ ತೊಡಗಿದವನು, ಏಳನೆಯ ತರಗತಿಯ ವರೆಗೆ ಓದಿದವನು. ನನಗೆ ತಿಳಿದದ್ದು ನಿಮಗೆ ತಿಳಿಯದೆ ಹೋಗದು.

ಎಲ್ಲಕ್ಕೂ ಮೊದಲು ಪ್ರತಿ ತೆಗೆದಿಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಮೆಯೇ. ಸಂಘಗಳ ಯಂತ್ರದಲ್ಲಿರುವುದು ಸಿನೆಮಾದ ಹಾಡಲ್ಲ. 1982ರ ಜನವರಿ 18ರಂದು ಸುರುವಾದ ಮುಷ್ಕರದ ಮೇಲೆ ಬೀದಿಪಾಲಾದ ಗಿರಣಿ ಕಾರ್ಮಿಕರು, ಅವರು ತೀರಿಹೋಗಿದ್ದರೆ ಅವರ ಮಕ್ಕಳು, ಮ್ಹಾಡಾದ ಮನೆಗಾಗಿ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಗಿರಣಿಯ ಗುರುತುಚೀಟಿ, ಟಿಕೇಟ್ ನಂಬರು, ಭವಿಷ್ಯನಿಧಿಯ ಚೀಟಿ ಇವುಗಳಿಂದಲೇ ಅವರು ಗಿರಣಿಯವರೆಂದು ರುಜುವಾಗಬೇಕು. ಕಲ್ಯಾಣದ ಬಳಿ ಮೋಹನೆಯ ರೇಯಾನ್ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತಲ್ಲ, ಅಲ್ಲಿ ದುಡಿದವರ ಕಾಗದಗಳೂ ಅಷ್ಟೇ ಅಮೂಲ್ಯ. ಮೂಲ ಕಾಗದ ಮಳೆಗಾಲದ ನೀರಿಗೆ ಹೋಗಿ, ಸ್ಕ್ಯಾನ್ ಮಾಡಿದ ಪ್ರತಿಯೊಂದೇ ಉಳಿದ ಕುಟುಂಬಗಳೂ ಉಂಟು. 2005ರ ಜುಲೈ 26ರ ಪ್ರಳಯವನ್ನು ಕಂಡ ಕಲ್ಯಾಣ, ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸ್ಕನ್ನು ಭಾಗ ಮಾಡುವಾಗ ಒಂದು ಗುಂಡಿ ತಪ್ಪಿ ಒತ್ತಿದರೆ ಇದೆಲ್ಲ ಹೋದಂತೆಯೇ. ಆದ ಕಾರಣ ಎರಡು ಪ್ರತಿ ತೆಗೆಯಿರಿ, ಎರಡನ್ನೂ ಎರಡು ಮನೆಗಳಲ್ಲಿ ಇಡಿರಿ. ತೆಗೆದ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿರಿ. ತೆರೆದು ನೋಡದ ಪ್ರತಿ, ರುಚಿ ನೋಡದೆ ಗಿರಾಕಿಗೆ ಬಡಿಸಿದ ಸಾಂಬಾರು.

ಇಲ್ಲಿಯೇ ಒಂದು ಎಚ್ಚರಿಕೆ. ರಿಪೇರಿಗೆ ಬರುವ ಹುಡುಗರ ಬಾಯಲ್ಲಿ ಮೊದಲು ಬರುವ ಮಾತು “ಫಾರ್ಮ್ಯಾಟ್ ಮಾಡಿಬಿಡೋಣ” ಎಂಬುದು. ಫಾರ್ಮ್ಯಾಟ್ ಎಂದರೆ ಖೋಲಿಯ ಸಾಮಾನನ್ನೆಲ್ಲ ಬೀದಿಗೆ ಎಸೆದು ಗೋಡೆಗೆ ಸುಣ್ಣ ಬಳಿಯುವುದು. ಆ ಮಾತಿಗೆ ನೀವು ತಲೆಯಾಡಿಸುವ ಮೊದಲು ಸಾಮಾನು ಎಲ್ಲಿದೆಯೆಂದು ಕೇಳಬೇಕು.

ಎರಡನೆಯದು, ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ಆರಿಸಿಡುವುದು. ಇದು ಉರಿಯುತ್ತಿದ್ದರೆ ಯಂತ್ರ ಬಂದ್ ಮಾಡಿದರೂ ವಿಂಡೋಸು ಪೂರ್ತಿ ಹೊರಡುವುದಿಲ್ಲ. ಹಾಸಿಗೆಯನ್ನು ಹಾಸಿಯೇ ಇಟ್ಟು, ಪೆಟ್ಟಿಗೆಗೆ ಬೀಗ ಜಡಿದು, ಈಗ ಬಂದೆ ಎಂದು ಹೋಗಿರುತ್ತದೆ. ಅನಂತರ ಎದ್ದ ಲಿನಕ್ಸು ಆ ಕಡೆಯ ಕಡತವನ್ನು ತಿದ್ದಲು ಹೋದರೆ ಅಡ್ಡಿಯಾಗುತ್ತದೆ. ತುಸು ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವೂ ಇರುವುದುಂಟು. ಅದರ 48 ಅಂಕೆಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದೆ ಹೆಜ್ಜೆ ಇಡಬಾರದು.

ಬಳಿಕ ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ಅದರ ಭಾಗವನ್ನು ಕುಗ್ಗಿಸಿ ಖಾಲಿ ಜಾಗ ಮಾಡಬೇಕು, 50 ಜಿ.ಬಿ. ಬಿಟ್ಟುಕೊಟ್ಟರೆ ಸಾಧಾರಣ ಸಂಸಾರಕ್ಕೆ ಸಾಕು. 8 ಜಿ.ಬಿ.ಯ ಒಂದು ಪೆನ್ ಡ್ರೈವಿಗೆ ರೂಫಸ್ ಎಂಬ ಪುಕ್ಕಟೆ ಉಪಕರಣದಿಂದ ಲಿನಕ್ಸನ್ನು ಬರೆಯಬೇಕು. ಆ ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಯಂತ್ರ ಏಳುವಾಗ ಎಫ್12, ಎಫ್9, ಇಲ್ಲವೆ ಎಸ್ಕೇಪ್, ಆಯಾ ಕಂಪೆನಿಯ ಪದ್ಧತಿಯಂತೆ, ಒತ್ತಿ ಪೆನ್ ಡ್ರೈವಿನಿಂದ ಏಳಿಸಬೇಕು.

ಲಿನಕ್ಸಿನ ಒಂದು ದೊಡ್ಡ ಸಜ್ಜನಿಕೆ ಇಲ್ಲಿ ಕಾಣುತ್ತದೆ. ಯಂತ್ರದೊಳಗೆ ಒಂದು ಅಕ್ಷರವನ್ನೂ ಬರೆಯದೆ, ಪೆನ್ ಡ್ರೈವಿನ ಮೇಲೆಯೇ ಓಡಿ ತೋರಿಸುತ್ತದೆ. ವೈಫೈ ಹಿಡಿಯುತ್ತದೋ, ಸದ್ದು ಕೇಳುತ್ತದೋ, ಪ್ರಿಂಟರು ಮಾತು ಕೇಳುತ್ತದೋ ಎಂದು ನೋಡಿ, ಒಪ್ಪದಿದ್ದರೆ ಡ್ರೈವನ್ನು ಕಿತ್ತು ಮನೆಗೆ ಹೋಗಬಹುದು. ಹೊಸ ಭಂಡಾರಿಯನ್ನು ಒಂದು ದಿನ ಒಲೆಯ ಮುಂದೆ ನಿಲ್ಲಿಸಿ ನೋಡಿ ಆಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವಂತೆ. ಮನಸ್ಸಿಗೆ ಬಂದರೆ ‘ವಿಂಡೋಸಿನ ಜೊತೆಯಲ್ಲಿ ಕೂರಿಸು’ ಎಂಬರ್ಥದ ಆಯ್ಕೆಯನ್ನು ಒತ್ತಬೇಕು. ಅದರ ಪಕ್ಕದಲ್ಲೇ ‘ಡಿಸ್ಕನ್ನು ಅಳಿಸಿ ಕೂರಿಸು’ ಎಂಬುದೂ ಇರುತ್ತದೆ. ಓದಿ ಒತ್ತಿ! ಓದಲು ಬಾರದಿದ್ದರೆ ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೂರಿಸಿದ ಮೇಲೆ ಗಡಿಯಾರ ತಪ್ಪಿತೆಂದು ಗಾಬರಿಯಾಗುವವರುಂಟು. ಲಿನಕ್ಸು ಯಂತ್ರದ ಗಡಿಯಾರವನ್ನು ಲೋಕದ ಸಮಾನ ವೇಳೆಗೆ ಇಡುತ್ತದೆ, ವಿಂಡೋಸು ನಮ್ಮ ದೇಶದ ವೇಳೆಗೆ ಇಡುತ್ತದೆ. ಆದ್ದರಿಂದ ಪಾಳಿ ಬದಲಾದಾಗ ಸರಿಯಾಗಿ ಐದೂವರೆ ತಾಸಿನ ಅಂತರ ಕಾಣುತ್ತದೆ. ಲಿನಕ್ಸಿಗೆ ಒಂದೇ ಸಾಲಿನ ಅಪ್ಪಣೆ ಕೊಟ್ಟರೆ ಅದೂ ನಮ್ಮ ವೇಳೆಗೇ ಹೊಂದಿಕೊಳ್ಳುತ್ತದೆ. ಇನ್ನು ಕಡತಗಳ ವಿಷಯ: ಲಿನಕ್ಸಿನವನ ಬಳಿ ಎರಡೂ ಕಡೆಯ ಬೀಗದ ಕೈ ಉಂಟು, ವಿಂಡೋಸಿನವನಿಗೆ ಲಿನಕ್ಸಿನ ಪೆಟ್ಟಿಗೆ ಸಹಜವಾಗಿ ತೆರೆಯಲು ಬರುವುದಿಲ್ಲ. ಇಬ್ಬರಿಗೂ ಬೇಕಾದ ಕಾಗದವನ್ನು ವಿಂಡೋಸಿನ ಕಡೆಯೇ ಇಟ್ಟರಾಯಿತು.

ಈ ವ್ಯವಸ್ಥೆಯಲ್ಲಿ ಜಗಳವೇ ಇಲ್ಲವೆಂದು ನಾನು ಹೇಳುವುದಿಲ್ಲ. 2024ರ ಆಗಸ್ಟಿನಲ್ಲಿ ವಿಂಡೋಸಿಗೆ ಬಂದ ಒಂದು ಪರಿಷ್ಕರಣೆಯ ದೆಸೆಯಿಂದ ಲೋಕದಾದ್ಯಂತ ಅನೇಕ ಎರಡು ಪಾಳಿಯ ಯಂತ್ರಗಳಲ್ಲಿ ಲಿನಕ್ಸು ಏಳದೆ ಹೋಯಿತು. ಕಡತಗಳಿಗೆ ಏನೂ ಆಗಿರಲಿಲ್ಲ. ಬಾಗಿಲ ಕಾವಲುಗಾರ ಮಾತ್ರ ಒಳಗೆ ಬಿಡಲಿಲ್ಲ. ಸೆಕ್ಯೂರ್ ಬೂಟ್ ಎಂಬ ಕಾವಲನ್ನು ತಾತ್ಕಾಲಿಕವಾಗಿ ಆರಿಸಿ ಸರಿಪಡಿಸಬೇಕಾಯಿತು. ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದಲ್ಲಿ ಇಂಥದ್ದು ನಡೆಯುತ್ತದೆ. ವಿಂಡೋಸನ್ನು ಜಾಲದಿಂದ ದೂರವಿಟ್ಟರೆ ಇಂಥ ಪರಿಷ್ಕರಣೆ ಬಂದು ಬೀಳುವ ಸಂದರ್ಭವೂ ಕಡಮೆ.

“ಲಿನಕ್ಸ್ ಕಲಿತರೆ ಮಕ್ಕಳಿಗೆ ಕೆಲಸ ಸಿಗುತ್ತದೋ? ಎಂ.ಎಸ್.-ಸಿ.ಐ.ಟಿ. ಪರೀಕ್ಷೆಗೆ ವಿಂಡೋಸೇ ಬೇಕಲ್ಲ?” ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೂ ವಿಂಡೋಸು ಇರಲಿ ಎನ್ನುತ್ತಿದ್ದೇನೆ. ಆದರೆ ಕಾಸರಗೋಡಿನ ಕಡೆ ನೋಡಿರಿ. ಕೇರಳ ಸರಕಾರ 2001ರ ಸುಮಾರಿಗೆ ಸುರುಮಾಡಿದ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ಶಾಲೆಗಳಿಗೆಂದೇ ಒಂದು ಲಿನಕ್ಸನ್ನು ಸಿದ್ಧಪಡಿಸಿ ಕೊಟ್ಟಿದೆ. ಅಲ್ಲಿನ ಸರಕಾರಿ ಶಾಲೆಯ ಕನ್ನಡ ಮಾಧ್ಯಮದ ಮಕ್ಕಳು ಅದರ ಮೇಲೆಯೇ ಕಲಿಯುತ್ತಾರೆ. ಅವರಿಗೆ ಬಂದದ್ದು ಡೊಂಬಿವಲಿಯ ನಮ್ಮ ಮಕ್ಕಳಿಗೆ ಬಾರದೆ? ಎರಡೂ ಬಲ್ಲ ಹುಡುಗ ಒಂದನ್ನೇ ಬಲ್ಲವನಿಗಿಂತ ಯಾವ ಲೆಕ್ಕದಲ್ಲಿ ಹಿಂದೆ ಬೀಳುತ್ತಾನೆ? ಕಲಿಸಲು ಜನವಿಲ್ಲವೆಂಬ ನೆಪವೂ ನಿಲ್ಲುವುದಿಲ್ಲ. ಪೊವಾಯಿಯ ಐ.ಐ.ಟಿ.ಯವರ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯಲ್ಲಿ ಲಿನಕ್ಸ್, ಲಿಬ್ರೆ ಆಫೀಸು ಮೊದಲಾದವನ್ನು ಕಲಿಸುವ ಪಾಠಗಳು ಕನ್ನಡದ ದನಿಯಲ್ಲೂ ಇವೆ, ಪುಕ್ಕಟೆ. ನಮ್ಮ ಹಿರಿಯರು ಹೊಟೇಲಿನ ಕೆಲಸ ಮುಗಿಸಿ ರಾತ್ರಿ ಶಾಲೆಗೆ ನಡೆದುಹೋಗಿ ಮೆಟ್ರಿಕ್ ಮಾಡಿದರು. ಇಂದು ಶಾಲೆಯೇ ನಡೆದು ಖೋಲಿಗೆ ಬರುತ್ತದೆ.

ಕೊನೆಯದಾಗಿ ಸಂಘಗಳ ಪದಾಧಿಕಾರಿಗಳಿಗೆ ಒಂದು ಮಾತು. ಯಂತ್ರದ ಗುಟ್ಟು ಒಬ್ಬನ ತಲೆಯಲ್ಲಿ ಇರಬಾರದು. ಆತ ಊರಿಗೆ ಹೋದರೆ, ಕೆಲಸ ಬಿಟ್ಟರೆ, ಮುನಿಸಿಕೊಂಡರೆ ಸಂಘದ ಬಾಗಿಲೇ ಮುಚ್ಚಿದಂತೆ. ಗುಪ್ತಪದ, ಆ 48 ಅಂಕೆ, ಪ್ರತಿಗಳು ಯಾರ ಮನೆಯಲ್ಲಿವೆ ಎಂಬ ವಿವರ, ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದು ಲಕೋಟೆಗೆ ಹಾಕಿ ಖಜಾಂಚಿಯವರ ಕಪಾಟಿನಲ್ಲಿ ಇಡಬೇಕು. ಎರಡೂ ಪಾಳಿಯನ್ನು ಏಳಿಸಬಲ್ಲವರು ಕನಿಷ್ಠ ಇಬ್ಬರಾದರೂ ಇರಬೇಕು. ಅವರಲ್ಲಿ ಒಬ್ಬಳು ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು, ಏಕೆಂದರೆ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಯಂತ್ರದ ಮುಂದೆ ಕೂರುವವರು ಅವರೇ.

ಹೊಟೇಲಿನವರಿಗೆ ಬಿಡುವು ಮಧ್ಯಾಹ್ನ ಮೂರರಿಂದ ಐದು. ಆ ಹೊತ್ತಿಗೆ ನಿಮ್ಮ ನಿಮ್ಮ ಸಂಘದ ಕಚೇರಿಯಲ್ಲಿ ಸೇರಿರಿ, ಹಳೆಯ ಯಂತ್ರವನ್ನು ಹೊತ್ತು ತನ್ನಿರಿ. ಮೊದಲ ದಿನ ಯಾರೂ ಡಿಸ್ಕನ್ನು ಮುಟ್ಟುವುದು ಬೇಡ. ಪೆನ್ ಡ್ರೈವಿನಿಂದ ಓಡಿಸಿ, ಯಾರ ಯಂತ್ರದಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಬರೆದಿಡಿರಿ. ಮುಂದಿನ ವಾರಕ್ಕೆ ಪ್ರತಿ ತೆಗೆಯಲು ಬೇಕಾದ ಡಿಸ್ಕನ್ನು ನಾಲ್ಕು ಮಂದಿ ಸೇರಿ ವರ್ಗಣಿ ಹಾಕಿ ಕೊಳ್ಳಿರಿ.